ಸೋತ ಆಟದ ಅಧ್ಯಯನ

ಚದುರಂಗದಲ್ಲಿ ತಕ್ಕಮಟ್ಟಿಗೆ ಪಳಗಿದವನು ಒಂದು ಹಂತದಲ್ಲಿ ನಿಂತುಬಿಡುವುದುಂಟು. ಆಗ ಅವನು ಆರಂಭದ ನಡೆಗಳನ್ನೇ ಇನ್ನಷ್ಟು ಬಾಯಿಪಾಠ ಮಾಡತೊಡಗುತ್ತಾನೆ; ಎದುರಾಳಿಯು ಪುಸ್ತಕದಲ್ಲಿಲ್ಲದ ನಡೆಯೊಂದನ್ನು ಇಟ್ಟನೆಂದರೆ ಆ ಶ್ರಮವೆಲ್ಲ ವ್ಯರ್ಥ. ಸೋವಿಯತ್ ದೇಶದ ಬೊಟ್ವಿನ್ನಿಕ್ ಹಿಡಿದ ದಾರಿ ಬೇರೆ. ಅವರು ತಮ್ಮ ಆಟಗಳನ್ನೇ ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಿ ಅಚ್ಚುಹಾಕಿಸುತ್ತಿದ್ದರು. ವಿಮರ್ಶೆಯಲ್ಲಿ ತಪ್ಪಿದ್ದರೆ ಓದುಗರು ತೋರಿಸಲೆಂಬುದು ಅವರ ಆಶಯ. 1960ರಲ್ಲಿ ತರುಣ ತಾಲ್‌ಗೆ ವಿಶ್ವಪಟ್ಟವನ್ನು ಬಿಟ್ಟುಕೊಟ್ಟ ಅವರು, ಆ ಪಂದ್ಯವನ್ನು ಕೂಲಂಕಷವಾಗಿ ಶೋಧಿಸಿ, 1961ರಲ್ಲಿ, ತಮ್ಮ 49ನೆಯ ವಯಸ್ಸಿನಲ್ಲಿ, 13–8 ಅಂಕಗಳಿಂದ ಅದನ್ನು ಮರಳಿ ಪಡೆದರು.

ಸಾಮಾನ್ಯ ಆಟಗಾರನೂ ಸೋತ ಆಟವನ್ನು ಬರೆದಿಟ್ಟು, ಗಣಕಯಂತ್ರವನ್ನು ಕೇಳುವ ಮೊದಲು, ಎಡವಿದ ಸ್ಥಳವನ್ನು ತಾನೇ ಹುಡುಕಬೇಕು. ಅಂತ್ಯದಾಟದ ಅಭ್ಯಾಸ ನೀರಸವೆನಿಸಬಹುದು. ಆದರೆ ರಾಜರೂ ಪದಾತಿಗಳೂ ಮಾತ್ರ ಉಳಿದಾಗ ರಾಜನ ಒಂದು ತಪ್ಪು ಹೆಜ್ಜೆಯಿಂದ ಕೈಗೆ ಬಂದ ಗೆಲುವೂ ಜಾರಿಹೋಗುತ್ತದೆ.