ದುಡಿಯುತ್ತಲೇ ಡಿಗ್ರಿ ಓದುವವರಿಗೆ ಮೇಷ್ಟ್ರು ಎಲ್ಲಿ?

ಹೊಸೂರಿನ ಸಿಪ್‌ಕಾಟ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವನಿಗೆ ಅಥವಾ ಕೃಷ್ಣಗಿರಿಯಲ್ಲಿ ಬೆಳಗ್ಗೆ ಆರಕ್ಕೆ ಅಂಗಡಿ ಬಾಗಿಲು ತೆಗೆಯುವವನಿಗೆ ರೆಗ್ಯುಲರ್ ಕಾಲೇಜು ಆಗುವ ಮಾತಲ್ಲ. ಪಿಯುಸಿಗೆ ಓದು ನಿಲ್ಲಿಸಿ ದುಡಿಯಲು ಹೊರಟವರಿಗೆ, ಮದುವೆಯಾಗಿ ಮನೆ ಸೇರಿದ ಹೆಣ್ಣುಮಕ್ಕಳಿಗೆ, ಮತ್ತೆ ಪುಸ್ತಕ ಹಿಡಿಯಬೇಕೆಂದರೆ ಉಳಿಯುವ ದಾರಿ ಮುಕ್ತ ವಿಶ್ವವಿದ್ಯಾನಿಲಯ.

ಅರ್ಜಿ ಹಾಕುವುದೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ಮೊದಲ ಅಸೈನ್‌ಮೆಂಟ್ ಬರೆಯಲು ಕೂತಾಗ. ಹತ್ತು ವರ್ಷ ಬಿಲ್ಲು ಬಿಟ್ಟು ಬೇರೇನೂ ಬರೆಯದ ಕೈ ಪುಟಗಟ್ಟಲೆ ಉತ್ತರ ಬರೆಯಬೇಕು. "ಇದು ನನ್ನಿಂದಾಗದು" ಅಂತ ಅನ್ನಿಸುವುದು ಆಗಲೇ.

ದೂರಶಿಕ್ಷಣದಲ್ಲಿ ಮೇಷ್ಟ್ರೇ ಇಲ್ಲ ಎಂದುಕೊಂಡವರು ಬಹಳ ಮಂದಿ. ಅದು ಸರಿಯಲ್ಲ. 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಓಪನ್ ಯುನಿವರ್ಸಿಟಿ, ಉತ್ತರ ತಿದ್ದಿ ಟಿಪ್ಪಣಿ ಬರೆದು ಕಳುಹಿಸುವ ಟ್ಯೂಟರ್‌ಗಳನ್ನು ನಂಬಿಯೇ ಬೆಳೆಯಿತು. 1985ರಲ್ಲಿ ಬಂದ ನಮ್ಮ ಇಗ್ನೋದಲ್ಲೂ ಅಧ್ಯಯನ ಕೇಂದ್ರಗಳಿವೆ, ಅಲ್ಲಿ ಕೌನ್ಸಿಲರ್‌ಗಳಿದ್ದಾರೆ. ಹೆಚ್ಚಿನವರು ಸ್ಥಳೀಯ ಕಾಲೇಜಿನ ಉಪನ್ಯಾಸಕರೇ. ಥಿಯರಿ ತರಗತಿಗೆ ಹಾಜರಿ ಕಡ್ಡಾಯವಿಲ್ಲದ್ದರಿಂದ ಹಲವರು ಅತ್ತ ತಲೆಹಾಕುವುದಿಲ್ಲ, ಅಷ್ಟೇ.

ಇಗ್ನೋ ಬಿಎ ಅಸೈನ್‌ಮೆಂಟಿಗೆ ಶೇ. 30 ಅಂಕವಿದೆ. ಅಂಕಕ್ಕಿಂತ ಮುಖ್ಯ, ಅದರ ಮೇಲೆ ಮೇಷ್ಟ್ರು ಬರೆಯುವ ಟಿಪ್ಪಣಿ. ಉತ್ತರ ಎಲ್ಲಿ ದಾರಿ ತಪ್ಪಿತು, ಯಾವ ಭಾಗ ಮತ್ತೆ ಓದಬೇಕು ಎಂದು ತಿಳಿಯುವುದು ಅಲ್ಲಿ. ಝೆರಾಕ್ಸ್ ಅಂಗಡಿಯ ರೆಡಿಮೇಡ್ ಉತ್ತರ ನಕಲು ಮಾಡಿ ಕೊಟ್ಟವನಿಗೆ ಈ ಪಾಠ ಸಿಗುವುದಿಲ್ಲ. ತಪ್ಪಾದರೂ ಸ್ವಂತ ಬರೆದವನಿಗೆ ಸಿಗುತ್ತದೆ.

ಹೊಸೂರಿನಲ್ಲಿ ಇನ್ನೊಂದು ತೊಡಕು ಭಾಷೆಯದ್ದು. 2002ರಲ್ಲಿ ಆರಂಭವಾದ ತಮಿಳುನಾಡು ಮುಕ್ತ ವಿವಿಯಲ್ಲಿ ತಮಿಳು, ಇಂಗ್ಲಿಷ್ ಮಾಧ್ಯಮಗಳಿವೆ. ಕನ್ನಡದಲ್ಲಿ ಓದಬೇಕೆಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿ ಇದೆ. 1969-70ರಲ್ಲಿ ಮೈಸೂರು ವಿವಿ ಶುರುಮಾಡಿದ ಅಂಚೆ ಶಿಕ್ಷಣವೇ 1996ರಲ್ಲಿ ಮುಕ್ತ ವಿವಿಯಾದದ್ದು. ರಾಜ್ಯದ ಮುಕ್ತ ವಿವಿಗಳು ತಮ್ಮ ರಾಜ್ಯದ ಹೊರಗೆ ಕೇಂದ್ರ ನಡೆಸುವಂತಿಲ್ಲ. ಹಾಗಾಗಿ ಅತ್ತಿಬೆಲೆ ಗಡಿ ದಾಟಿಯೇ ಬರಬೇಕು. ಕನ್ನಡ ಶಾಲೆಯಲ್ಲಿ ಕಲಿತು ಈಗ ಇಂಗ್ಲಿಷಿನಲ್ಲಿ ಬರೆಯಬೇಕಾದವರು ಕೌನ್ಸಿಲರ್ ಬಳಿ ಅದನ್ನು ಮುಚ್ಚಿಡಬಾರದು. ಕನ್ನಡ, ತಮಿಳು, ತೆಲುಗು ಮೂರೂ ಓಡಾಡುವ ಊರದು. ಪಾಠವನ್ನು ಗೊತ್ತಿರುವ ಭಾಷೆಯಲ್ಲಿ ಕೇಳಿಕೊಂಡು, ಉತ್ತರವನ್ನು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಬಹುದು.

ಸೇರುವ ಮುನ್ನ ಒಂದು ಎಚ್ಚರಿಕೆ. ಹತ್ತನೇ, ಹನ್ನೆರಡನೇ ಪಾಸಾಗದೆ ನೇರವಾಗಿ ಮುಕ್ತ ವಿವಿಯಲ್ಲಿ ಪಡೆದ ಪದವಿ ಸರಕಾರಿ ಕೆಲಸಕ್ಕೆ ಸಲ್ಲದು ಎಂದು ತಮಿಳುನಾಡು ಸರಕಾರ 2009ರಲ್ಲೇ ಆದೇಶಿಸಿದೆ. ಅಂಥವರು ಮೊದಲು ಖಾಸಗಿ ಅಭ್ಯರ್ಥಿಯಾಗಿ ಆ ಪರೀಕ್ಷೆಗಳನ್ನು ಮುಗಿಸುವುದೇ ಲೇಸು. ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡಿ, ಏಜೆಂಟರ ಮಾತಿನಲ್ಲಲ್ಲ.

ಮೂರು ವರ್ಷದ ಇಗ್ನೋ ಬಿಎ ಮುಗಿಸಲು ಆರು ವರ್ಷದವರೆಗೆ ಅವಕಾಶವಿದೆ. ಒಂದೇ ಸಲ ಎಲ್ಲ ಪೇಪರ್ ಕಟ್ಟಬೇಕೆಂದಿಲ್ಲ. ಪ್ರವೇಶ ಸಿಕ್ಕಿದ ವಾರವೇ ಅಧ್ಯಯನ ಕೇಂದ್ರಕ್ಕೆ ಹೋಗಿ ಸಂಯೋಜಕರನ್ನು ಕಂಡು, ಪಾಳಿಯ ಸಮಯ ಹೇಳಿ, ಈ ಸಲ ಎಷ್ಟು ಪೇಪರ್ ಬರೆದರೆ ಸಾಕು ಎಂದು ಅವರನ್ನೇ ಕೇಳಬಹುದು.