ಕಂದಾಯದ ರಸೀದಿಯಲ್ಲಿ ಸಿಕ್ಕ ಲೈಬ್ರರಿ

ಮನೆ ಕಂದಾಯ ಕಟ್ಟಿ ತಂದ ರಸೀದಿಯನ್ನು ಜಗಲಿಯ ಮೇಲೆ ಇಟ್ಟಿದ್ದೆ. ಆರನೇ ತರಗತಿಯ ಮೊಮ್ಮಗಳು ಅದನ್ನು ಎತ್ತಿಕೊಂಡು ಒಂದೊಂದೇ ಸಾಲು ಓದತೊಡಗಿದಳು.

"ತಾತ, ಗ್ರಂಥಾಲಯ ಕರ ಅಂದ್ರೇನು?"

"ಲೈಬ್ರರಿಗೆ ಅಂತ ನಾವು ಕೊಡೋ ದುಡ್ಡು ಕಣಮ್ಮ."

"ಮತ್ತೆ ನಾವ್ಯಾಕೆ ಅಲ್ಲಿಗೆ ಹೋಗಲ್ಲ?"

ಉತ್ತರ ಹೊಳೆಯಲಿಲ್ಲ. 100 ರೂಪಾಯಿ ಮನೆ ತೆರಿಗೆಗೆ 6 ರೂಪಾಯಿಯಂತೆ ಆ ಕರವನ್ನು ವರ್ಷ ವರ್ಷವೂ ಕಟ್ಟುತ್ತಿದ್ದೇನೆ. ಪಂಚಾಯಿತಿ ಪಕ್ಕದ ಆ ಕೋಣೆಗೆ ಕಾಲಿಟ್ಟು ಮಾತ್ರ ಎಷ್ಟೋ ಕಾಲವಾಗಿತ್ತು. ನನ್ನ ನೆನಪಿನಲ್ಲಿ ಲೈಬ್ರರಿಯೆಂದರೆ ಎರಡು ಪೇಪರು, ಒಂದು ಉದ್ದ ಬೆಂಚು, ಹೆಚ್ಚಿನ ದಿನ ಬೀಗ.

ಮಾರನೆಯ ಸಂಜೆ ಅವಳೊಂದಿಗೆ ಹೋದೆ. ಬಾಗಿಲಲ್ಲೇ ಪುಟ್ಟ ಪುಟ್ಟ ಚಪ್ಪಲಿಗಳ ರಾಶಿ! ಗೋಡೆಯ ಮೇಲೆ 'ಅರಿವು ಕೇಂದ್ರ' ಎಂಬ ಹೊಸ ಹೆಸರು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದಾಗ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಮೊಮ್ಮಗಳು ಹೆಸರು ಬರೆಸಿ, ಆನೆಯ ಚಿತ್ರವಿದ್ದ ಪುಸ್ತಕವೊಂದನ್ನು ಎದೆಗವಚಿಕೊಂಡು ಮನೆಗೆ ಬಂದಳು.

ಅಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಹೂ ಕಟ್ಟಿ ಮಾರುವ ಅಜ್ಜಿ ಒಬ್ಬರಿದ್ದಾರೆ. ಊರಿಗೆಲ್ಲ ಹೂವಿನಜ್ಜಿ. ಅವರ ಸಂಧ್ಯಾ ಸುರಕ್ಷಾ ಪಿಂಚಣಿ ನಾಲ್ಕು ತಿಂಗಳಿಂದ ನಿಂತಿತ್ತು. ಎರಡು ಸಲ ತಾಲ್ಲೂಕಿಗೆ ಹೋಗಿ, ಎರಡು ಸಲವೂ "ಆ ಕಾಗದ ಇಲ್ಲ, ಈ ಕಾಗದ ಇಲ್ಲ" ಅನ್ನಿಸಿಕೊಂಡು ವಾಪಸು ಬಂದಿದ್ದರು. ಹೆಂಗಸರಿಗೆ ಬಸ್ಸು ಈಗ ಉಚಿತ, ನಿಜ. ಆದರೆ ಆ ದಿನ ಮಾರದೆ ಬಾಡಿದ ಹೂವಿಗೆ ಯಾರು ದುಡ್ಡು ಕೊಡುತ್ತಾರೆ?

"ಲೈಬ್ರರಿ ಅಕ್ಕನ್ನ ಕೇಳೋಣ ಬಾ ಅಜ್ಜಿ" ಎಂದು ಮೊಮ್ಮಗಳೇ ಕರೆದೊಯ್ದಳು. ಮೇಲ್ವಿಚಾರಕಿ ಕಂಪ್ಯೂಟರಿನ ಮುಂದೆ ಕೂತು, ಅಜ್ಜಿಯ ಮೊಬೈಲಿಗೆ ಬಂದ ಒಟಿಪಿ ಹಾಕಿ ನೋಡಿದರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಅಂದರೆ ಹೋಗಬೇಕಿದ್ದದ್ದು ತಾಲ್ಲೂಕಿಗಲ್ಲ, ಬ್ಯಾಂಕಿಗೆ! ಯಾವ ಯಾವ ಕಾಗದ ಬೇಕೆಂದು ಅವರು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಒಂದೇ ಓಡಾಟ. ಎರಡು ತಿಂಗಳ ಮೇಲೆ ಪಿಂಚಣಿ ಬಂತು. ಹಿಂದಿನ ಬಾಕಿ ಇನ್ನೂ ಬಂದಿಲ್ಲ. ಅದಕ್ಕೂ ಅಲ್ಲೇ ಕೂತು ಅರ್ಜಿ ಬರೆಸಿದ್ದಾರೆ.

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳು ಪುಸ್ತಕವಾಗಿ ಬಂದದ್ದು 1931ರಲ್ಲಿ. ಅವುಗಳಲ್ಲೊಂದು ಓದುಗರ ಹೊತ್ತು ಉಳಿಸುವ ಮಾತಾಡುತ್ತದೆ. ಅದೇ ವರ್ಷ ತಮಿಳು ನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಗೆ ಪುಸ್ತಕ ತುಂಬಿ ಹಳ್ಳಿಗಳಿಗೆ ಒಯ್ಯುವ ಲೈಬ್ರರಿಯೂ ಶುರುವಾಯಿತು. ಓದು ಬಾರದ ಹೂವಿನಜ್ಜಿಯನ್ನು ರಂಗನಾಥನ್ ಓದುಗರ ಲೆಕ್ಕಕ್ಕೆ ಸೇರಿಸುತ್ತಿದ್ದರೋ ಏನೋ. ನಾನಂತೂ ಸೇರಿಸಿದ್ದೇನೆ.

ಎಲ್ಲ ಊರಲ್ಲೂ ಹೀಗೇ ಇದೆಯೆಂದಲ್ಲ. ನನ್ನ ತಂಗಿಯ ಊರಿನ ಲೈಬ್ರರಿಯಲ್ಲಿ ಕಂಪ್ಯೂಟರಿದೆ, ಕರೆಂಟಿರುವುದು ಕಡಿಮೆ. ನಮ್ಮಲ್ಲೂ ಪುಸ್ತಕಗಳು ಸಾಲವು. ಮಕ್ಕಳು ಓದಿದ್ದನ್ನೇ ತಿರುಗಿಸಿ ಓದುತ್ತಿದ್ದಾರೆ. ಅದಕ್ಕೇ ಈಗ ಮೊಮ್ಮಗಳ ಕಣ್ಣು ನನ್ನ ಅಟ್ಟದ ಮೇಲೆ. ಬೈಂಡು ಹಾಕಿಸಿಟ್ಟ ಹಳೆಯ 'ಚಂದಮಾಮ'ಗಳನ್ನು ಲೈಬ್ರರಿಗೆ ಕೊಡಲೇಬೇಕಂತೆ. ಅರ್ಧ ಕೊಟ್ಟಿದ್ದೇನೆ. ಇನ್ನರ್ಧಕ್ಕೆ ಭಾನುವಾರದವರೆಗೆ ಗಡುವು ಕೇಳಿದ್ದೇನೆ.