ಹೆಪ್ಪುಗಟ್ಟುವ ರಕ್ತಕ್ಕೆ ಕಡಿವಾಣ ಹಾಕುವವರು ಯಾರು?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ವಿದ್ಯಾರ್ಥಿಗಳಿಗೆ ಕಬ್ಬಿನ ಕಟಾವು ಹೊಸದಲ್ಲ. ನಿಪ್ಪಾಣಿಯವರು ತಂಬಾಕಿನ ಹೊಲವನ್ನೂ ಬಲ್ಲರು. ಕೆಲಸದ ಭರದಲ್ಲಿ ಕುಡುಗೋಲು ತಾಗಿ ಬೆರಳು ಕೊಯ್ದರೆ ರಕ್ತ ಸುರಿಯುತ್ತದೆ. ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಬೆರಳಿನಲ್ಲಿ ಆರಂಭವಾದ ಈ ಹೆಪ್ಪು ಮೈಯ ರಕ್ತಕ್ಕೆಲ್ಲ ಏಕೆ ಹಬ್ಬುವುದಿಲ್ಲ? ಎಂದಾದರೂ ಯೋಚಿಸಿದ್ದೀರಾ?

ಗಾಯವಾದ ಜಾಗದಲ್ಲಿ ಥ್ರಾಂಬಿನ್ ಎಂಬ ಕಿಣ್ವ ಹುಟ್ಟುತ್ತದೆ. ಅದು ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಕತ್ತರಿಸಿ ಫೈಬ್ರಿನ್ ಎಳೆಗಳಾಗಿ ಮಾಡುತ್ತದೆ. ಈ ಎಳೆಗಳ ಬಲೆಯೇ ಹೆಪ್ಪು. ಥ್ರಾಂಬಿನ್ ಹರಿವಿನೊಂದಿಗೆ ಮುಂದೆ ಸಾಗಿದರೆ ಅಪಾಯ. ಇದನ್ನು ತಡೆಯುವ ಕಾವಲುಗಳು ಹಲವು. ಅವುಗಳಲ್ಲಿ ಒಂದು, ರಕ್ತನಾಳಗಳ ಒಳಮೈ ಜೀವಕೋಶಗಳ ಮೇಲಿರುವ ಥ್ರಾಂಬೊಮಾಡ್ಯುಲಿನ್ ಎಂಬ ಪ್ರೋಟೀನು.

ಬೆಳೆಗೆ ನುಗ್ಗುವ ಹೋರಿಯನ್ನು ಹಿಡಿದು ನೊಗಕ್ಕೆ ಕಟ್ಟಿದರೆ ಅದೇ ಹೋರಿ ಹೊಲ ಉಳುತ್ತದಲ್ಲವೇ? ಇಲ್ಲಿಯೂ ಹಾಗೆಯೇ. ಥ್ರಾಂಬೊಮಾಡ್ಯುಲಿನ್ ಥ್ರಾಂಬಿನ್ನನ್ನು ಹಿಡಿದುಕೊಂಡೊಡನೆ ಅದು ಫೈಬ್ರಿನೋಜನ್ನನ್ನು ಕತ್ತರಿಸಲಾರದು. ಬದಲಿಗೆ 'ಪ್ರೋಟೀನ್ ಸಿ' ಎಂಬ ಇನ್ನೊಂದು ಪ್ರೋಟೀನನ್ನು ಸಾವಿರಾರು ಪಟ್ಟು ವೇಗವಾಗಿ ಚುರುಕುಗೊಳಿಸುತ್ತದೆ. ಚುರುಕುಗೊಂಡ ಪ್ರೋಟೀನ್ ಸಿ ಹೆಪ್ಪುಗಟ್ಟಿಸುವ 5 ಮತ್ತು 8ನೆಯ ಘಟಕಗಳನ್ನು ಒಡೆದುಹಾಕುತ್ತದೆ. ಹೆಪ್ಪು ಕಟ್ಟುವ ಕಿಣ್ವವೇ ಹೆಪ್ಪನ್ನು ತಡೆಯುವ ಆಳಾಗುತ್ತದೆ! ಅಮೆರಿಕದ ವಿಜ್ಞಾನಿಗಳಾದ ಚಾರ್ಲ್ಸ್ ಎಸ್ಮನ್ ಮತ್ತು ವೈಟ್ ಓವೆನ್ 1981ರಲ್ಲಿ ಮೊಲದ ಹೃದಯದ ರಕ್ತನಾಳಗಳಲ್ಲಿ ಈ ಗುಣವನ್ನು ಗುರುತಿಸಿದರು.

ಈ ಸಮತೋಲನ ಎಷ್ಟು ನಾಜೂಕು ಎಂಬುದನ್ನು ಕಬ್ಬಿನ ಗದ್ದೆಯ ಇಲಿಗಳನ್ನು ಹುಡುಕಿ ಬರುವ ಕೊಳಕುಮಂಡಲ ಹಾವು ತೋರಿಸುತ್ತದೆ. ಅದರ ವಿಷದಲ್ಲಿರುವ ಕಿಣ್ವಗಳು 10 ಮತ್ತು 5ನೆಯ ಘಟಕಗಳನ್ನು ನೇರವಾಗಿ ಕೆರಳಿಸುತ್ತವೆ. ಗಾಯವಿಲ್ಲದ ಕಡೆಯೂ ಥ್ರಾಂಬಿನ್ ಹುಟ್ಟಿ, ಫೈಬ್ರಿನೋಜನ್ ವ್ಯರ್ಥವಾಗಿ ಮುಗಿದುಹೋಗುತ್ತದೆ. ಆಮೇಲೆ ನಿಜವಾದ ಗಾಯದಲ್ಲಿಯೂ ರಕ್ತ ಹೆಪ್ಪುಗಟ್ಟದು. ವೈದ್ಯರು ಸ್ವಲ್ಪ ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಅಲುಗಾಡಿಸದೆ 20 ನಿಮಿಷ ಇಟ್ಟು ನೋಡುವುದು ಇದಕ್ಕಾಗಿಯೇ.

ಆದ್ದರಿಂದ ಹಾವು ಕಚ್ಚಿದವರ ಗಾಯವನ್ನು ಬ್ಲೇಡಿನಿಂದ ಕೊಯ್ಯಬೇಡಿ. ಆ ರಕ್ತ ನಿಲ್ಲದೇ ಹೋಗಬಹುದು. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬಾಯಿಂದ ಹೀರಬೇಡಿ, ಮಂತ್ರಕ್ಕೆ ಕಾಯಬೇಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ಪ್ರತಿವಿಷ ಸಿಗುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಪಾಠದಲ್ಲಿ ಓದಿದ ಕಿಣ್ವ ನಿಮ್ಮ ಹೊಲದ ಬದುವಿನ ಮೇಲೂ ಕೆಲಸ ಮಾಡುತ್ತಿದೆ. ಈ ಮಾತನ್ನು ಮನೆಯ ಹಿರಿಯರಿಗೂ ತಿಳಿಸುವಿರಲ್ಲವೇ?